ಎಡಗಿವಿಯ ಕೆಳಗೆ

ಒಣಸೇತುವೆ ಎಂದೇ ಅದರ ಹೆಸರು.
ಕೆಳಗೆ ನೀರಿಲ್ಲ, ಮೇಲೆ ಸಂತೆ.
ತ್ಬಿಲಿಸಿಯ ಸವೆದ ಸಾಮಾನೆಲ್ಲ ಶನಿವಾರ
ಇಲ್ಲಿ ಚಾದರದ ಮೇಲೆ ಬಂದು ಮಲಗುತ್ತದೆ:
ಯಾರದೋ ಪದಕ, ಯಾರದೋ ಕನ್ನಡಕ,
ಗಂಟಲು ಕಟ್ಟಿದ ರೇಡಿಯೊ,
ಜೊತೆ ಕಳಕೊಂಡ ಚಮಚ.

ಅವುಗಳ ನಡುವೆ, ಕಂದು ಡಬ್ಬಿಯಲ್ಲಿ, ಇದು.

ನಾನು ಮೆಟ್ರೋದಲ್ಲಿ ಎಸ್ಕಲೇಟರ್ ಮೆಕ್ಯಾನಿಕ್.
ಕೊಳ್ಳುವ ಮೊದಲು ಏನನ್ನೂ ತಿರುಗಿಸಿ ನೋಡುವವನು.
ಹಿಡಿಯ ಬುಡ ತಿರುವಿದೆ,
ತಲೆಯ ಎರಡು ಕದ ಮೆಲ್ಲಗೆ, ಒಟ್ಟಿಗೆ ತೆರೆದವು.
ಮತ್ತೆ ತಿರುವಿದೆ. ಮುಚ್ಚಿದವು.
ಅರವತ್ತು ವರ್ಷವಾದರೂ ಆಗಿರಬೇಕು,
ತಿರುಪು ಒಂದಿಷ್ಟೂ ಸಡಿಲವಿಲ್ಲ.
ಮಾಡಿದ ಕೈಗೆ ಮನಸ್ಸಲ್ಲೇ ಟೋಪಿ ತೆಗೆದೆ.

"ಎಷ್ಟು?"
"ಮೂವತ್ತು ಲರಿ," ಎಂದಳು ಲಮಾರಾ,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ.
"ತಲೆ ಬೋಳಿಸುತ್ತೀಯಲ್ಲ ಅಜ್ಜಿ!"
"ಇಲ್ಲ ಮಗ, ಇದು ಗದ್ದಕ್ಕೆ ಮಾತ್ರ."
ಐದು ಬಿಟ್ಟಳು. ಬದಲಿಗೊಂದು ಕರಾರು ಹಾಕಿದಳು:
ಮುಂದಿನ ಶನಿವಾರ ಇದರಲ್ಲೇ ಬೋಳಿಸಿಕೊಂಡು ಬಂದು
ಮುಖ ತೋರಿಸಬೇಕು.

ಅಲ್ಲಿಯವರೆಗೆ ನನಗೆ ಕ್ಷೌರವೆಂದರೆ
ಕರೆಂಟ್ ಬಿಲ್ಲು ಕಟ್ಟಿದ ಹಾಗೆ.
ಐದು ಅಲಗಿನ ಪ್ಲಾಸ್ಟಿಕ್ಕು, ಒತ್ತಿದರೆ ಉಗುಳುವ ನೊರೆ,
ಒಂದು ಕಣ್ಣು ಗಡಿಯಾರದ ಮೇಲೆ.

ಈಗ ಆರಕ್ಕೇ ಏಳುತ್ತೇನೆ.
ಕೆಟಲಿನ ನೀರು ಚಹಾಕ್ಕೆ ಅರ್ಧ, ಗದ್ದಕ್ಕೆ ಅರ್ಧ.
ಕಿವಿ ಮುರಿದ ಕಪ್ಪಿನಲ್ಲಿ ಸಾಬೂನು.
ಕುಂಚ ಸುತ್ತುತ್ತದೆ, ಸುತ್ತುತ್ತದೆ, ಮೊದಮೊದಲು ಬರೀ ಗುಳ್ಳೆ,
ಆಮೇಲೆ ಗುಳ್ಳೆಗೂ ಬುದ್ಧಿ ಬಂದು
ಗಟ್ಟಿ ಮೊಸರು.
ಬಿಸಿ ಮಾಡಿದ ಕೆನ್ನೆಗೆ ಅದನ್ನು ಹಚ್ಚುವಾಗ
ಪಕ್ಕದ ಕೋಣೆಯಲ್ಲಿ ಯಾರೋ
ನನ್ನ ಬಗ್ಗೆ ಒಳ್ಳೆಯ ಮಾತಾಡುತ್ತಿರುವಂತೆ.

ಒತ್ತಬಾರದು. ಇರುವುದಿದೊಂದೇ ವಿದ್ಯೆ.
ರೇಜರಿಗೆ ತನ್ನದೇ ತೂಕವಿದೆ,
ನಾನು ದಾರಿ ತೋರಿಸಿದರೆ ಸಾಕು.
ಮೊದಲೆರಡು ದಿನ ಒತ್ತಿದೆ.
ಕೆನ್ನೆ ಕೆಂಪಕ್ಷರದಲ್ಲೇ ಉತ್ತರ ಕೊಟ್ಟಿತು.
ಪತ್ರಿಕೆಯ ಚೂರು ಅಂಟಿಸಿ ಕೆಲಸಕ್ಕೆ ಹೋದರೆ
"ನಿನ್ನ ಗದ್ದದ ಮೇಲೆ ನಾಳಿನ ಹವಾಮಾನ ಇದೆ ಕಣೋ ಒತಾರ್,"
ಎಂದು ಗೆಲಾ ಬಗ್ಗಿ ಓದಿದ.

ಮೂರನೆಯ ದಿನ ಕೇಳಿಸಿತು.
ಹೌದು, ಕೇಳಿಸುತ್ತದೆ ಅದು:
ನಸುಕಿನಲ್ಲಿ ದೂರದ ಅಂಗಳದಲ್ಲೆಲ್ಲೋ
ಒಬ್ಬ ಹಿಮ ಗೋರುತ್ತಿರುವ ಸದ್ದು.
ಓರೆ ತಪ್ಪಿದರೆ ಸದ್ದು ಸತ್ತುಹೋಗುತ್ತದೆ.
ನನ್ನ ಎಸ್ಕಲೇಟರುಗಳೂ ಹಾಗೇ,
ಕಣ್ಣಿಗಿಂತ ಮೊದಲು ಕಿವಿಗೇ ಅವುಗಳ ಕಾಯಿಲೆ ತಿಳಿಯುವುದು.
ಗಂಟಲಿನ ಮೇಲೆ ಅಲಗು ಬಂದಾಗ
ರೇಜರೂ ನಾನೂ ಉಸಿರು ಬಿಗಿಹಿಡಿಯುತ್ತೇವೆ.
ಇಷ್ಟು ಹರಿತವಾದದ್ದು
ಇಷ್ಟು ಮರ್ಯಾದೆಯಿಂದ ನಡೆದದ್ದು
ನನ್ನ ಬಾಳಿನಲ್ಲಿ ಹೆಚ್ಚಿಲ್ಲ.
ಆಮೇಲೆ ತಣ್ಣೀರು.
ಆಮೇಲೆ ಬಸ್ಸಿನಲ್ಲಿ, ಯಾರೂ ನೋಡದಾಗ,
ನನ್ನ ಕೆನ್ನೆ ನಾನೇ ಸವರಿಕೊಳ್ಳುತ್ತೇನೆ.

ಶನಿವಾರ. ಲಮಾರಾ ಚಮಚ ಒರೆಸುತ್ತಿದ್ದಳು.
ಏನೂ ಹೇಳದೆ, ಬೆರಳಿನ ಹಿಂಬದಿಯಿಂದ,
ನಾದಿಟ್ಟ ಹಿಟ್ಟು ಉಬ್ಬಿತೇ ಎಂದು ನೋಡುವವಳ ಹಾಗೆ
ಬಲಗೆನ್ನೆ, ಗದ್ದ, ಎಡಗೆನ್ನೆ,
ಎಡಗಿವಿಯ ಕೆಳಗೆ ಬಂದು ನಿಂತಳು.

"ಇಲ್ಲಿ ಬಿಟ್ಟಿದ್ದೀಯ."
"ಎಲ್ಲಿ?"
"ಇಲ್ಲೇ. ನಮ್ಮ ಜುಂಬೇರನೂ ಬಿಡುತ್ತಿದ್ದ,
ನಲವತ್ತೊಂದು ವರ್ಷ, ಇದೇ ನಾಲ್ಕು ಕೂದಲು.
ಕಣ್ಣು ಕಾಣಿಸಲ್ವಾ ಅಂತ ದಿನಾ ಬೈಯುತ್ತಿದ್ದೆ.
ಪಾಪ, ತಪ್ಪು ರೇಜರಿಂದು!"
ನಕ್ಕಳು. ಎಷ್ಟು ನಕ್ಕಳೆಂದರೆ
ಪಕ್ಕದ ಪದಕದವನು ಗಿರಾಕಿಯನ್ನು ಬಿಟ್ಟು ತಿರುಗಿ ನೋಡಿದ.
ಚೀಲ ತಡಕಿ ಬ್ಲೇಡಿನ ಪೊಟ್ಟಣ ಕೊಟ್ಟಳು,
ಒಳಗೆ ಇನ್ನೂ ಎಂಟಿದ್ದವು.

ನಾನು ಮೆಕ್ಯಾನಿಕ್ಕು.
ಮಣಿಕಟ್ಟು ಎಷ್ಟು ತಿರುಗಿಸಿದರೆ ಆ ನಾಲ್ಕೂ ಬರುತ್ತವೆಂದು
ಭಾನುವಾರವೇ ಪತ್ತೆಮಾಡಿದೆ.

ಶನಿವಾರವೊಂದು ಬಿಟ್ಟು
ಉಳಿದೆಲ್ಲ ದಿನ ತೆಗೆಯುತ್ತೇನೆ.