ಮಾಯ್

ಬೈತಖೋಲದಲ್ಲಿ ಬಲೆ ಅಂಗಡಿಯ ಮೇಲೆ ಒಂದು ಕೋಣೆ.
ಸಂಜೆ ಆರಕ್ಕೆ ಚೀನೀ ಪಾಠ, ಪುಕ್ಕಟೆ.
ಪುಸ್ತಕ ಅವರದೇ, ಪೆನ್ನೂ ಅವರದೇ,
ಮುಗಿಸಿದವರಿಗೆ ಕೆಂಪು ಮೊಹರಿನ ಸರ್ಟಿಫಿಕೇಟು.
ಗೋಡೆಯಲ್ಲಿ ಉದ್ದಾನುದ್ದ ಕೋಟೆಯ ಚಿತ್ರ, ಅದರ ಕೆಳಗೆ ನಾವು ಏಳು ಜನ:
ಐದು ಹುಡುಗರು, ಬಂದರಿನ ಗುಮಾಸ್ತ ಫೆಲಿಸ್,
ಮತ್ತೆ ನಾನು, ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು,
ಎಷ್ಟು ತಿಕ್ಕಿದರೂ ಮಾಣಕಿ ವಾಸನೆ ಹೋಗದವಳು.

ಕಲಿಸುವವಳು ಷುಯಿಂಗ್, ಸಮುದ್ರವೇ ಇಲ್ಲದ ಊರಿನವಳು.
ಮೊದಲ ದಿನ ಹೇಳಿಕೊಟ್ಟಳು: ಮಾಯ್.
ನಾನು ನಕ್ಕೆ. ನಮ್ಮ ಮನೆಮಾತಲ್ಲಿ ಅದು ಅತ್ತೆ.
ಅವಳೂ ನಕ್ಕಳು, ಯಾಕೆಂದು ತಿಳಿಯದೆ.

ದನಿ ಕುಳಿಗಿಳಿದು ಮೆಲ್ಲಗೆ ಮೇಲೆದ್ದರೆ, ಕೊಳ್ಳು.
ಒಂದೇ ಏಟಿಗೆ ಕೆಳಕ್ಕೆ ಬಿದ್ದರೆ, ಮಾರು.
ಹುಡುಗರು ಎಡವಿದರು. ನನಗೆ ಕಷ್ಟವೇ ಆಗಲಿಲ್ಲ.
ಕೊಳ್ಳುವವರು ಹೀಗೇ ಅಲ್ಲವೇ,
ಬಗ್ಗಿ, ಕಿವಿರು ಎತ್ತಿ ನೋಡಿ, "ಎಷ್ಟೂ?" ಎಂದು ಏಳುವುದು;
ನಮ್ಮ ಆಯಿ ಕತ್ತಿ ಊರಿ, "ಇನ್ನೂರು."
ಬಿತ್ತು.

ಕೆಳಗೆ ಹರಿದ ಬಲೆ ಹೆಣೆಯುತ್ತ ಪುರ್ಸು ತಾಂಡೇಲ ಅಂದ:
"ಫಿರಂಗಿಯವರ ಕೋಟೆ ಉದುರಿತು. ಮೇಜು ಉಳೀತು, ಚಾವಿ ಉಳೀತು,
ನಿನ್ನಜ್ಜಿ ಕಿಟಕಿಗೆ ಜನೇಲ ಅನ್ನುತ್ತಲೇ ಸತ್ತಳು.
ನಾನು ಮರಾಠಿ ಶಾಲೆಯಲ್ಲಿ ಪೆಟ್ಟು ತಿಂದೆ, ನೀನು ಕನ್ನಡ ಶಾಲೆಯಲ್ಲಿ.
ಇವರು ಹೊಡೆಯೋದಿಲ್ಲ, ಅಷ್ಟೇ.
ಮೆತ್ತಗಿನ ಬಲಕ್ಕೇ ಜಾಸ್ತಿ ಸಿಗೋದು, ಬಲೆ ಹಾಗೆ."
ನೈಲಾನು ಎಳೆಯೊಂದನ್ನು ದೀಪಕ್ಕೆ ಹಿಡಿದ. ಕಾಣಲಿಲ್ಲ.
ಆ ನೂಲೂ ಅಲ್ಲಿಯದೇ. ಉಂಡೆಯ ಮೇಲಿನ ಚೀಟಿ
ಅಷ್ಟು ಹೊತ್ತಿಗೆ ನನಗೆ ಅರ್ಧ ಓದಲು ಬರುತ್ತಿತ್ತು.

ದಸರೆ ಕಳೆದ ಮೇಲೆ ಇಬ್ಬರು ಬಂದರು, ಒಬ್ಬ ಮಫ್ತಿಯಲ್ಲಿ.
ನೌಕಾನೆಲೆಯ ಮಗ್ಗುಲಲ್ಲೇ ಈ ಪಾಠ ಯಾಕಂತೆ?
ನನ್ನ ಕಾಪಿ ಪುಸ್ತಕ ತಲೆಕೆಳಗು ಹಿಡಿದು, "ಏನಿದು?"
"ಮೀನು" ಅಂದೆ.
ನಿಜವಾಗಿ ಮೀನೇ. ಪುಟದ ತುಂಬ, ನೂರು ಸಲ.
ಅವರು ನಂಬಲಿಲ್ಲ.

ಹೊರಡುವ ಹಿಂದಿನ ದಿನ ಷುಯಿಂಗ್ ಪೇಟೆಗೆ ಬಂದಳು.
ಆಯಿಯ ಬುಟ್ಟಿಯ ಮುಂದೆ ಕೂತು, ನಾನು ಹೇಳಿಕೊಟ್ಟ ಒಂದೇ ಮಾತು:
"ಎಷ್ಟು?"
ಇಳಿದು, ಏರಿ, ಸರಿಯಾಗಿಯೇ.
"ಇನ್ನೂರು" ಅಂದಳು ಆಯಿ, ನೂರಕ್ಕೆ ಕೊಡುವವಳು.
ಷುಯಿಂಗ್ ಎಣಿಸಿ ಇನ್ನೂರೂ ಕೊಟ್ಟುಬಿಟ್ಟಳು.

ಆಯಿಗೆ ಸಿಟ್ಟು ಬಂತು. "ಇವಳಿಗೆ ಮುಂದಿನ ಮಾತು ಕಲಿಸಲಿಲ್ಲವೇನೇ?"
ಎನ್ನುತ್ತ ಇನ್ನೂ ನಾಕು ಬಂಗಡೆ ತೆಗೆದು
ಅವಳ ಚೀಲಕ್ಕೆ ಬಡಿದಳು.