ನಾಲ್ಕು ಬೆರಳು

ಹೊಂಡದ ಸರ್ಕಲ್ಲಿನ ಹಿಂದೆ, ರೇಡಿಯೇಟರ್ ಅಂಗಡಿಯ ಗೋಡೆಗೆ
ಒರಗಿ ನಿಂತಿದೆ ನನ್ನ ತಗಡಿನ ಗೂಡು. ಬೋರ್ಡಿಲ್ಲ.
ಬಾಗಿಲಿಗೆ ತೂಗುಬಿಟ್ಟ ಹರಕು ಸೀಟೇ ಬೋರ್ಡು.

ಮಂಡಕ್ಕಿ ಇಳಿಸಿ ಬಂದ ಗಾಡಿ ಮಟಮಟ ಮಧ್ಯಾಹ್ನ ನಿಂತಾಗ
ಒಳಗೆ ಯಾರೂ ಇಲ್ಲ ಅನಿಸಿತು.
ಆಮೇಲೆ ಬಾಗಿಲು ತೆರೆದು ಒಂದು ಕಾಲು
ನೆಲ ಹುಡುಕುತ್ತ ಕೆಳಗಿಳಿಯಿತು.

"ಓಬಕ್ಕ ಅಂತ. ಸೀಟು ಎತ್ತಬೇಕು."
"ಎಷ್ಟು?"
"ರಸ್ತೆ ಕಾಣೋವಷ್ಟು."

ಎರಡು ವರ್ಷ ಓಡಿಸಿದ್ದು ಸ್ಟೇರಿಂಗಿನ ಕಿಂಡಿಯೊಳಗಿಂದ ಇಣುಕಿ.
ಕುಂಡಿಗೆ ಮಡಿಸಿದ ಗೋಣಿಚೀಲ, ಅದರ ಮೇಲೆ ದಿಂಬು,
ದಿಂಬಿನ ಮೇಲೆ ಗಂಡನ ಹಳೇ ಸ್ವೆಟರು.
ಬ್ರೇಕು ಒತ್ತಿದರೆ ಮೂರೂ ಮೂರು ದಿಕ್ಕಿಗೆ.

ಸೀಟು ಬಿಚ್ಚಿದೆ. ಮೊದಲಿನ ಮಾಲೀಕ ಆರಡಿ ಆಳಿರಬೇಕು,
ಅವನ ಭಾರ ತೋಡಿದ ಗುಂಡಿ ಫೋಮಿನಲ್ಲಿ ಹಾಗೇ ಇತ್ತು.
ಅವನ ಗುಂಡಿಯೊಳಗೆ ಇವಳು ಮುಳುಗಿ ಕೂತಿದ್ದಳು.
ತಳದಲ್ಲಿ ಸಿಕ್ಕಿದ್ದು: ಒಂದು ಎಂಟಾಣೆ, ಶೇಂಗಾ ಸಿಪ್ಪೆ,
ಯಾರದೋ ಮದುವೆಗೆ ಕರೆಯುವ ಅರ್ಧ ಕಾಗದ,
ಲೆಕ್ಕವಿಲ್ಲದಷ್ಟು ಮಂಡಕ್ಕಿ.

ಗೋಡೆಗೆ ಬೆನ್ನು ಹಚ್ಚಿ ಕೂತ್ಕೊಳ್ಳಿ ಅಂದೆ.
ಕೂತಲ್ಲಿಂದ ಕಣ್ಣಿಗೆ ಎಷ್ಟು, ಮಂಡಿಯಿಂದ ಹಿಮ್ಮಡಿಗೆ ಎಷ್ಟು,
ಸುಣ್ಣದ ಮೇಲೆ ಪೆನ್ಸಿಲ್ ಗೀರು.
ಅಲ್ಲಿ ಮೂವತ್ತೊಂದು ವರ್ಷದ ಗೀರುಗಳಿವೆ,
ಸ್ಕೂಲ್ ವ್ಯಾನಿನ ರುದ್ರಮುನಿ, ಸೊಂಟ ಮುರಿದ ಮೇಲೆ ಬಂದ ಲಾರಿ ಚಮನ್‌ಸಾಬ್...
ಎಲ್ಲರಿಗಿಂತ ಕೆಳಗೆ ಇವಳದು.

ನಮ್ಮಪ್ಪ ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ತಂತಿ ಟಂಯ್ ಅಂದರೆ
ಓಣಿಗೆಲ್ಲ ಗೊತ್ತು: ಯಾರ ಮನೆಯಲ್ಲೋ ಗಾದಿ ಎದ್ದು ಕೂರುತ್ತಿದೆ.
"ಎತ್ತರ ಹತ್ತೀಲಿಲ್ಲ ಮಗಾ, ಒಳಗಿನ ಗಾಳೀಲಿ ಐತಿ" ಅನ್ನುತ್ತಿದ್ದ.
ಫೋಮಿಗೆ ಆ ಮಾತು ನಡೆಯುವುದಿಲ್ಲ.
ಬರೀ ಗಾಳಿ ನಂಬಿದರೆ ಆರು ತಿಂಗಳಿಗೆ ಕುಸಿಯುತ್ತದೆ.

ಕಬ್ಬಿಣವೇ ಬೇಕು. ಈ ಗಾಡಿಗೆ ಇಂಜಿನ್ನೂ ಸೀಟಿನ ಕೆಳಗೇ,
ಎತ್ತಿದರೂ ಮಗುಚುವಂತಿರಬೇಕು, ಆಯಿಲ್ ನೋಡಲು.
ವೆಲ್ಡಿಂಗ್ ಜಯಣ್ಣನಿಂದ ಎಲ್-ಪಟ್ಟಿ ಕೊಯ್ಯಿಸಿ
ಮುಂದೆ ಮೂರು ಬೆರಳು, ಹಿಂದೆ ನಾಲ್ಕು.
ಗಟ್ಟಿ ಫೋಮು, ಮೇಲೆ ಮೆತ್ತನೆಯದು, ಕಂದು ರೆಗ್ಜಿನ್ನು.

ಕೂತಳು. ರಸ್ತೆ ಕಂಡಿತು. ಕಾಲು ನಿಲುಕಲಿಲ್ಲ.
ಬಾವಿಗೆ ಬಿದ್ದ ಕೊಡದ ಹಾಗೆ ಕ್ಲಚ್ಚು ಅಲ್ಲೆಲ್ಲೋ ತಳದಲ್ಲಿ.
ಅವಳು ನಕ್ಕಳು. ನಾನು ನಗಲಿಲ್ಲ.
ಮತ್ತೆ ಜಯಣ್ಣ. ಮೂರೂ ಪೆಡಲಿಗೆ ಕಬ್ಬಿಣದ ಮೆಟ್ಟು,
ಅದರ ಮೇಲೆ ಹಳೇ ಟೈರಿನ ತುಂಡು.

"ಹತ್ರೀ, ಒಂದು ರೌಂಡು ನೋಡೋಣ."
ನನಗೆ ಗಾಡಿ ಓಡಿಸಲು ಬಾರದೆಂದು ಈ ಊರಲ್ಲಿ ಯಾರಿಗೂ ಹೇಳಿಲ್ಲ.
ಎಡಗಡೆ ಹತ್ತಿದೆ. ಅದು ಹಳೇ ಸೀಟು. ನಾನೂ ಅಂಥ ಎತ್ತರದವನಲ್ಲ,
ಗುಂಡಿಯೊಳಗೆ ಇಳಿದುಹೋದೆ.
ಎದುರಿಗೆ ಡ್ಯಾಶ್‌ಬೋರ್ಡು, ಮೇಲೆ ಒಂದಿಷ್ಟು ಆಕಾಶ, ಕರೆಂಟಿನ ತಂತಿ.

ಅಶೋಕ ರೋಡಿನ ಗೇಟು ಹಾಕಿತ್ತು. ಗೂಡ್ಸು ಬಂತು.
ನನಗೆ ಕಂಡದ್ದು ಡಬ್ಬಿಗಳ ನೆತ್ತಿ.
ಅವಳು ಬಾಯೊಳಗೇ ಎಣಿಸುತ್ತಿದ್ದಳು, ಮೂವತ್ತೆಂಟು, ಮೂವತ್ತೊಂಬತ್ತು,
ಡಬ್ಬಿಯನ್ನೋ ಮತ್ತಿನ್ನೇನನ್ನೋ, ಕೇಳಲಿಲ್ಲ.
ಗೇಟು ಎದ್ದಾಗ ಬೈಕಿನವನೊಬ್ಬ ಅಡ್ಡ ನುಗ್ಗಿದ.
ಹಾರ್ನು ಒತ್ತಲಿಲ್ಲ, ಮೇಲಿನಿಂದ ಒಂದು ಸಲ ನೋಡಿದಳು.
ಅವನು ಹಿಂದೆ ಸರಿದ.
"ಇಷ್ಟು ದಿನ ಹಾರ್ನು ಸವೆಸಿದೆ ನೋಡ್ರಿ," ಅಂದಳು.

ಎಂಟುನೂರು ಬಾಕಿ. ಶನಿವಾರ ತಂದುಕೊಟ್ಟಳು, ಜೊತೆಗೆ ಒಂದು ಚೀಲ ಮಂಡಕ್ಕಿ.
ಆ ಸಂಜೆ ನಾನು ಕೂರುವ ಗೋಣಿಯನ್ನು ನಾಲ್ಕು ಪದರ ಮಡಿಸಿ
ಅದರ ಮೇಲೆ ಕೂತೆ.
ಎದುರು ಅಂಗಡಿಯ ಒಳಗಿನ ಗಡಿಯಾರ ಕಂಡಿತು, ಮೊದಲ ಸಲ.
ತೊಡೆ ಮೇಲಿನ ಹೊಲಿಗೆ ದೂರವಾಯಿತು, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.
ಮಡಿಕೆ ಬಿಚ್ಚಿ ಮೊದಲಿನ ಹಾಗೆ ಹಾಸಿದೆ.
ಗಡಿಯಾರ ಹತ್ತು ನಿಮಿಷ ಮುಂದಿತ್ತು.