ನಡುವಿನ ಸೊನ್ನೆ

ಮೇಲ್ಮನವಿ ಪ್ರಾಧಿಕಾರದವರ ಸನ್ನಿಧಿಗೆ,
ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಮೂರನೇ ತಿರುವಿನ
ವೆಲ್ಡಿಂಗ್ ಶೆಡ್ಡಿನ ಶೇಷಾಚಾರಿ
ಮಾಡಿಕೊಳ್ಳುವ ಇನ್ನೊಂದು ಅರಿಕೆ.
ಅರಿಕೆ ಅಂತ ನಾನು ಹೇಳಿದ್ದನ್ನು ಟೈಪಿಂಗಿನ ಜಲಜಾಕ್ಷಿ
ತಕರಾರು ಅಂತ ತಿದ್ದಿದ್ದಾಳೆ.
ಇರಲಿ, ಅವಳಿಗೆ ನಿಮ್ಮ ಭಾಷೆ ಗೊತ್ತು.

ಕವಲೆಬೈಲು ಹಳ್ಳಕ್ಕೆ ಕಾಲುಸಂಕ,
ಉದ್ದ ಹದಿನಾರು ಮೀಟರು, ಅಗಲ ಒಂದೂಕಾಲು.
ಇಲಾಖೆ ಟೆಂಡರು ಕರೆಯಿತು. ಹಾಕಿದೆ.
ಲಕೋಟೆ ಎರಡು. ತಾಂತ್ರಿಕ ಒಂದು, ಆರ್ಥಿಕ ಒಂದು.
ಲಕೋಟೆ ಅಂದರೆ ಈಗ ಕಾಗದವಲ್ಲವಂತೆ,
ಪರದೆಯ ಮೇಲಿನ ಚೌಕ.
ನನ್ನ ಎರಡನೇ ಚೌಕವನ್ನು ಯಾರೂ ಮುಟ್ಟಲೇ ಇಲ್ಲ.
ಹನ್ನೊಂದು ಲಕ್ಷ ಎಂಬತ್ನಾಲ್ಕು ಸಾವಿರ
ಅದರೊಳಗೆ ಇನ್ನೂ ಮುದುಡಿ ಕೂತಿದೆ.
ಗೆದ್ದವರ ಹದಿನಾಲ್ಕೂವರೆ ಲಕ್ಷ
ಹಾರ ಹಾಕಿಸಿಕೊಂಡು ಹೊರಗೆ ಓಡಾಡುತ್ತಿದೆ.

ತಾಂತ್ರಿಕದಲ್ಲಿ ಎಪ್ಪತ್ತು ಬೇಕಿತ್ತು, ಐವತ್ತೆಂಟು ಬಂತು.
ಯಂತ್ರಗಳಿಗೆ ಇಷ್ಟು, ವಹಿವಾಟಿಗೆ ಇಷ್ಟು,
ಇದೇ ಬಗೆಯ ಕೆಲಸದ ಅನುಭವಕ್ಕೆ
ಇಪ್ಪತ್ತರಲ್ಲಿ ಸೊನ್ನೆ.

ಅಂಕ ಅಂತ ಬರೆದರೂ ಸಂಕ ಅಂತ ಬರೆದರೂ
ನಡುವೆ ಒಂದು ಸೊನ್ನೆ ಬರುತ್ತದಲ್ಲ ಸ್ವಾಮಿ,
ಅದನ್ನಷ್ಟೇ ಕಿತ್ತು ನನ್ನ ಕೈಗೆ ಕೊಟ್ಟಿದ್ದಾರೆ.

ಒಪ್ಪುತ್ತೇನೆ, ಪ್ರಮಾಣಪತ್ರ ಇಲ್ಲ.
ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಸಂಕ ನಿಲ್ಲಿಸಿದೆ.
ಊರವರು ಚಂದಾ ಎತ್ತಿ ಕಬ್ಬಿಣ ತಂದರು,
ಒಂದು ಕಡೆ ಕೂಲಿಗೆ ಬದಲು ಎಮ್ಮೆ ಕರು ಕೊಟ್ಟರು.
ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಅಂತ
ಎಮ್ಮೆ ಕರು ಸಹಿ ಹಾಕುವುದಿಲ್ಲ.
ಆ ಸಂಕ ದಾಟಿ ಹೆರಿಗೆಗೆ ಹೋದವರಿದ್ದಾರೆ,
ಮತಯಂತ್ರ ಹೆಗಲಿಗೇರಿಸಿ ಸರ್ಕಾರದವರೇ ದಾಟಿದ್ದಾರೆ.
ಆಗ ಯಾರೂ ನನ್ನ ಅನುಭವ ಕೇಳಲಿಲ್ಲ.

ಇದು ತಕರಾರಲ್ಲ. ತಕರಾರು ಮುಂದಿದೆ.

ಗೆದ್ದವರ ಕಡತದ ನಕಲು ಕೇಳಿದೆ,
ಪುಟಕ್ಕೆ ಎರಡು ರೂಪಾಯಿ, ಇನ್ನೂರ ಹನ್ನೆರಡು ಪುಟ.
ರಾತ್ರಿ ಶೆಡ್ಡಿನಲ್ಲಿ ಕೂತು ಮಗುಚಿದೆ.
ನೂರ ನಲವತ್ತನೇ ಪುಟದಲ್ಲಿ ಅವರ ಅನುಭವ:
ಸಂಪಗೋಡಿನ ಸಂಕ, ಫೋಟೋ ಸಮೇತ.
ಇಪ್ಪತ್ತಕ್ಕೆ ಇಪ್ಪತ್ತು.

ಸಂಪಗೋಡಿನ ಸಂಕ ನಾನು ಬೆಸೆದದ್ದು.
ಬೋರ್ಡು ಅವರದು, ಕೈ ನನ್ನದು.
ತುಂಡುಗುತ್ತಿಗೆ, ಅಡಿಗೆ ಇಷ್ಟು ಅಂತ, ಚೀಟಿಯಿಲ್ಲ.
ಕೊನೆಯ ಕಂಬದ ಬುಡದಲ್ಲಿ ಒಂದು ಮೀನಿದೆ,
ಉಳಿದ ರಾಡು ಕರಗಿಸಿ ಬಿಡಿಸಿದ್ದು.
ನಮ್ಮಪ್ಪ ಕುಲುಮೆಯಲ್ಲಿ ಕತ್ತಿಗೆ ಹೊಡೆಯುತ್ತಿದ್ದ ಗುರುತೇ.
ಜೆರಾಕ್ಸಿನಲ್ಲೂ ಕಾಣುತ್ತದೆ, ಬಾಲ ಸ್ವಲ್ಪ ಅಳಿಸಿದೆ.

ಹೋದ ವಿಚಾರಣೆಯಲ್ಲಿ ತೋರಿಸಿದೆ.
ತಾವು ಕನ್ನಡಕ ಏರಿಸಿ, ಇಳಿಸಿ,
ಇದು ಮೆಷಿನ್ನಿನ ಕಲೆ ಅಂದಿರಿ.
ಗೆದ್ದವರ ವಕೀಲರು ನಕ್ಕರು.
ನಾನೂ ನಕ್ಕೆ, ಮರ್ಯಾದೆಗೆ.
ಆಮೇಲೆ ನಿಮ್ಮ ಗುಮಾಸ್ತರು, ಹೆಸರು ಬರೆಯುವುದಿಲ್ಲ,
ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
‘ಮೀನೇ ಸಾರ್’ ಅಂದರು.
ಅಂದು, ತಕ್ಷಣ ಕೂತರು.

ಮುಂದಿನ ವಾಯಿದೆ ಹತ್ತೊಂಬತ್ತಕ್ಕೆ.
ಅಷ್ಟರಲ್ಲಿ ಒಮ್ಮೆ ಸ್ಥಳ ಪರಿಶೀಲನೆ ಆಗಲಿ,
ನನ್ನ ಅರಿಕೆ ಇಷ್ಟೇ.
ಹೊಸನಗರದಿಂದ ಜೀಪು ಹೋಗುತ್ತದೆ,
ಕೊನೆಯ ಅರ್ಧ ಮೈಲಿ ನಡೆಯಬೇಕು,
ಉಂಬಳ ಇರುತ್ತದೆ, ಸುಣ್ಣ ಇಟ್ಟುಕೊಂಡು ಬನ್ನಿ.
ಮೀನು ಕೆಳಗಿದೆ, ತಾವು ಬಗ್ಗಬೇಕಾಗುತ್ತದೆ.
ಕೆಸರು ಹಿಡಿದಿದ್ದರೆ ಒರೆಸಲು ನಾನೇ ಬಟ್ಟೆ ತರುತ್ತೇನೆ.

ಮೇಲೆ ನಿಲ್ಲಲು ಹೆದರಬೇಡಿ.
ಎಂಟು ಜನ ಒಟ್ಟಿಗೆ ನಿಂತರೂ ಅಲುಗುವುದಿಲ್ಲ.
ಇದನ್ನು ಪ್ರಮಾಣಪತ್ರ ಇಲ್ಲದೆ ಹೇಳುತ್ತಿದ್ದೇನೆ.